ಚಿತ್ರದ ಹಿಂದಿನ ತಮ್ಮ

ಹಿರಿಯೂರಿನ ಹೈವೇ ಪಕ್ಕ ನನ್ನ ಭಾಯಿಜಾನ್ ಲಾರಿಗಳಿಗೆ ಪೇಂಟ್ ಮಾಡುತ್ತಾರೆ. ಹುಲಿ, ನವಿಲು, ಅಕ್ಷರ ಅವರದು. ಹಿಂದಿನ ಆಕಾಶ, ಗುಡ್ಡ, ತೆಂಗಿನ ಮರ ನನ್ನದು. ಲೆಕ್ಕದ ಪುಸ್ತಕವೂ ನನ್ನದೇ. ಡ್ರೈವರುಗಳು ಹೊಗಳುವುದು ಹುಲಿಯನ್ನು ಮಾತ್ರ. ಅವರಿಗೆ ನಾನು ಬರೀ ‘ಪೇಂಟರ್ ತಮ್ಮ’. ಈ ಬೇಸರದಲ್ಲಿದ್ದಾಗಲೇ ಸಿ. ರಾಜರಾಜ ವರ್ಮರ ಬಗ್ಗೆ ಓದಿದೆ.

ರಾಜಾ ರವಿವರ್ಮರ ಹೆಸರು ಎಲ್ಲರಿಗೂ ಗೊತ್ತು. ಹೊಳಲ್ಕೆರೆಯ ಅಡಿಕೆ ಮಂಡಿಗಳ ಕ್ಯಾಲೆಂಡರ್‌ಗಳಲ್ಲಿ ಇವತ್ತಿಗೂ ಅವರ ಲಕ್ಷ್ಮಿ, ಸರಸ್ವತಿ ಇದ್ದಾರೆ. ರಾಜರಾಜ ವರ್ಮ ಅವರ ತಮ್ಮ. ಅಣ್ಣ ಹುಟ್ಟಿದ್ದು 1848ರಲ್ಲಿ, ತಮ್ಮ 1860ರಲ್ಲಿ. ಊರು ಕೇರಳದ ಕಿಳಿಮಾನೂರು. ತಂಗಿ ಮಂಗಳಾಬಾಯಿಯೂ ಚಿತ್ರ ಬರೆಯುತ್ತಿದ್ದರು.

ರಾಜರಾಜ ವರ್ಮರಿಗೆ ಇಷ್ಟವಾದದ್ದು ಪ್ರಕೃತಿ ದೃಶ್ಯಗಳು. ಅವುಗಳನ್ನು ಸ್ವಂತವಾಗಿಯೂ ಬರೆದರು. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯಲ್ಲೂ ಅವರ ಕೈ ಇದೆ. ಬರೋಡಾ ಮಹಾರಾಜರು 14 ಪೌರಾಣಿಕ ಚಿತ್ರ ಕೇಳಿದಾಗ, ಜನರ ಉಡುಗೆ ನೋಡಲು ಇಬ್ಬರೂ ಜೊತೆಯಾಗಿ ಉತ್ತರ ಭಾರತ ಸುತ್ತಿದರು. ಪತ್ರ, ವ್ಯವಹಾರಗಳೆಲ್ಲ ತಮ್ಮನ ಹೆಗಲ ಮೇಲೆ. 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುವಾಯಿತು. ಅಲ್ಲಿ ಅಚ್ಚಾದ ಚಿತ್ರಗಳು ಮನೆಮನೆ ತಲುಪಿದರೂ ಪ್ರೆಸ್ ಲಾಭ ಕಾಣಲಿಲ್ಲ. ಕೊನೆಗೆ ಅದನ್ನು ಒಬ್ಬ ಜರ್ಮನ್ ತಂತ್ರಜ್ಞರಿಗೆ ಮಾರಬೇಕಾಯಿತು.

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗಾಗಿ ಚಿತ್ರ ಬರೆಯುವ ಕೆಲಸ ಬಂದ ಕಾಲದಲ್ಲೇ, 1905ರ ಜನವರಿಯಲ್ಲಿ, ರಾಜರಾಜ ವರ್ಮ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಮರುವರ್ಷ ಅಣ್ಣನೂ ಹೋದರು.

ಆದರೆ ತಮ್ಮ ಒಂದು ಕೆಲಸ ಮಾಡಿದ್ದರು. 1895ರಿಂದ ಇಂಗ್ಲಿಷಿನಲ್ಲಿ ದಿನಚರಿ ಬರೆದಿದ್ದರು. ರವಿವರ್ಮರು ಹೇಗೆ ದುಡಿಯುತ್ತಿದ್ದರು, ಎಲ್ಲೆಲ್ಲಿ ತಿರುಗಿದರು ಎಂದು ಇಂದು ತಿಳಿಯುವುದು ಬಹುಮಟ್ಟಿಗೆ ಆ ಪುಟಗಳಿಂದ. ನೆರಳಲ್ಲಿದ್ದವರು ಬರೆದಿಟ್ಟಿದ್ದರಿಂದಲೇ ಬೆಳಕಿನಲ್ಲಿದ್ದವರ ಬದುಕು ನಮಗೆ ಸಿಕ್ಕಿತು. ಎಂಟ್ರಿ ಇಲ್ಲದ ವ್ಯವಹಾರ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾವು ಕಾಮರ್ಸ್‌ನವರು ಕಲಿಯುತ್ತೇವಲ್ಲ, ಅದು ಅವರಿಗೆ ಗೊತ್ತಿತ್ತು.

ಗೆಳೆಯರೇ, ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ರವಿವರ್ಮರ ಚಿತ್ರಗಳ ಮುಖಗಳನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ಹಿಂದಿನ ಆಕಾಶವನ್ನೂ ನೋಡಿ.

ಈ ತಿಂಗಳಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಹಣದ ಪಕ್ಕ ಇನ್ನೊಂದು ಕಾಲಂ ಎಳೆದಿದ್ದೇನೆ: ಯಾವ ಲಾರಿಗೆ ಯಾರು ಏನು ಬರೆದರು. ಭಾಯಿಜಾನ್ ನೋಡಿದರು. ಅಳಿಸು ಅನ್ನಲಿಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ