ಬಾಲವನದ ಬೆಳಕು: ಡಾ. ಶಿವರಾಮ ಕಾರಂತ

ಬೇಸಿಗೆ ರಜೆ ಬಂತೆಂದರೆ ಇಂದು ಊರೂರಿನಲ್ಲಿ ಮಕ್ಕಳ ಶಿಬಿರಗಳು ನಡೆಯುತ್ತವೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಮಕ್ಕಳು ಅಲ್ಲಿ ವಿಜ್ಞಾನದ ಪ್ರಯೋಗಗಳನ್ನು ತಮ್ಮ ಕೈಯಿಂದಲೇ ಮಾಡಿ ನೋಡುತ್ತಾರೆ. ಇದು ಹೊಸ ಕಾಲದ ವಿಚಾರವೆಂದು ನಾವು ಭಾವಿಸುತ್ತೇವೆ. ಆದರೆ ಸುಮಾರು 90 ವರ್ಷಗಳ ಹಿಂದೆಯೇ ಕರಾವಳಿಯ ಪುತ್ತೂರಿನಲ್ಲಿ ಒಬ್ಬರು ಈ ದಾರಿಯನ್ನು ಹಿಡಿದಿದ್ದರು. ಅವರೇ ಡಾ. ಕೋಟ ಶಿವರಾಮ ಕಾರಂತರು.

ಕಾರಂತರು 1902ರ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ಅರ್ಧಕ್ಕೇ ಬಿಟ್ಟರು. ಪದವಿ ಕೈಗೆ ಬರಲಿಲ್ಲ, ಆದರೆ ಕಲಿಕೆ ನಿಲ್ಲಲಿಲ್ಲ. ಕ್ಯಾಮೆರಾ ಹಿಡಿಯಲು ಕಲಿತು ಮೂಕಿ ಚಲನಚಿತ್ರ ತೆಗೆದರು. ಮುದ್ರಣಾಲಯ ಸ್ಥಾಪಿಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿದರು. ಚಿತ್ರ ಬರೆದರು, ಯಕ್ಷಗಾನದ ಬಗ್ಗೆ ಸಂಶೋಧನೆ ನಡೆಸಿದರು. ಯಾವುದನ್ನೇ ಆಗಲಿ, ಮಾಡಿ ನೋಡಿಯೇ ತಿಳಿಯುವುದು ಅವರ ಸ್ವಭಾವವಾಗಿತ್ತು.

ಇದೇ ಸ್ವಭಾವ ಅವರನ್ನು ಮಕ್ಕಳ ಬಳಿಗೆ ಕರೆತಂದಿತು. ಪಾಠವನ್ನು ಬಾಯಿಪಾಠ ಮಾಡಿಸುವ, ಬೆತ್ತದ ಭಯದಲ್ಲಿ ಕೂರಿಸುವ ಶಾಲೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಮಗು ಆಡುತ್ತಾ, ನೋಡುತ್ತಾ, ಮಾಡುತ್ತಾ ಕಲಿಯಬೇಕೆಂಬ ನಂಬಿಕೆಯಿಂದ ಪುತ್ತೂರಿನ ಗುಡ್ಡದ ಮೇಲೆ 'ಬಾಲವನ'ವನ್ನು ಕಟ್ಟಿದರು. ಮರಗಿಡಗಳ ನಡುವಿನ ಆ ತಾಣವೇ ಅವರ ಮನೆಯೂ ಪ್ರಯೋಗಶಾಲೆಯೂ ಆಯಿತು. ಶಾಲೆಯಾಗಿ ಅದು ಬಹುಕಾಲ ನಡೆಯಲಿಲ್ಲ. ಅಂಕ ಮತ್ತು ಪರೀಕ್ಷೆಯನ್ನೇ ವಿದ್ಯೆಯೆಂದು ನಂಬಿದ ಸಮಾಜದಲ್ಲಿ ಇಂಥ ಪ್ರಯತ್ನಕ್ಕೆ ಬೆಂಬಲ ಸಿಗುವುದು ಸುಲಭವಲ್ಲ.

ಕಾರಂತರು ಎದೆಗುಂದಲಿಲ್ಲ. ಬಾಲವನಕ್ಕೆ ಬರಲಾಗದ ಮಕ್ಕಳ ಮನೆಗೆ ಪುಸ್ತಕವನ್ನೇ ಕಳುಹಿಸಿದರು. 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಹೊರಬಂತು. ಕನ್ನಡದ ಮಕ್ಕಳಿಗೆ ಜಗತ್ತಿನ ವಿಷಯಗಳನ್ನು ಚಿತ್ರಸಹಿತ ಪರಿಚಯಿಸಿದ ಆ ವಿಶ್ವಕೋಶ ಒಬ್ಬರದೇ ದುಡಿಮೆ. ಮುಂದೆ 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ನೀಡಿದರು. ಇಂಗ್ಲಿಷ್ ಬಾರದ ಹಳ್ಳಿಯ ಮಗುವಿಗೂ ವಿಜ್ಞಾನ ದಕ್ಕಬೇಕೆಂಬುದೇ ಇದರ ಹಿಂದಿನ ಕಾಳಜಿ. 1977ರಲ್ಲಿ 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಬಂತು. ಪದವಿಯಿಲ್ಲದ ಅವರನ್ನು ಹಲವು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿ ಪುರಸ್ಕರಿಸಿದವು.

ನಮ್ಮ ಜಿಲ್ಲೆಗೂ ಅವರಿಗೂ ನಂಟಿದೆ. ಕಾಳಿ ನದಿಯ ದಡದಲ್ಲಿ ಕೈಗಾ ಅಣುಸ್ಥಾವರ ಬರುವುದನ್ನು ಅವರು ವಿರೋಧಿಸಿದರು. 1989ರಲ್ಲಿ, 87ರ ಇಳಿವಯಸ್ಸಿನಲ್ಲಿ, ಕೆನರಾ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಅವರ ನಿಲುವನ್ನು ಒಪ್ಪದವರೂ ಇದ್ದಾರೆ. ಆದರೆ ಮಕ್ಕಳಿಗೆ ಜೀವನವಿಡೀ ವಿಜ್ಞಾನ ತಿಳಿಸಿದವರೇ ಆ ವಿಜ್ಞಾನದ ಬಳಕೆಯನ್ನು ಪ್ರಶ್ನಿಸಿದರು ಎಂಬುದು ಗಮನಿಸಬೇಕಾದ ಮಾತು. ಪ್ರಶ್ನೆ ಕೇಳುವುದೇ ವಿಜ್ಞಾನದ ಮೊದಲ ಪಾಠವಲ್ಲವೇ?

1997ರ ಡಿಸೆಂಬರ್ 9ರಂದು ಕಾರಂತರು ನಮ್ಮನ್ನು ಅಗಲಿದರು. ಪುತ್ತೂರಿನ ಬಾಲವನ ಅವರ ಸ್ಮಾರಕವಾಗಿ ಉಳಿದಿದೆ.

ವಿದ್ಯಾರ್ಥಿ ಮಿತ್ರರೇ, ಕೋಗಿಲಬನ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮಕ್ಕಳಿಗೆ ಪ್ರಯೋಗಶಾಲೆ ದೂರವಿಲ್ಲ. ಸೂಪಾದಲ್ಲಿ ನೀರು ವಿದ್ಯುತ್ತಾಗುತ್ತದೆ. ದಾಂಡೇಲಿಯ ಕಾರ್ಖಾನೆಯಲ್ಲಿ ಮರ ಕಾಗದವಾಗುತ್ತದೆ. ಸುತ್ತಲೂ ಕಾಡಿದೆ. ತೆಂಗಿನ ಗರಿಯಿಂದ ನೀರಿನ ಚಕ್ರ ಮಾಡಿ ತೊರೆಗೆ ಒಡ್ಡಿದ ಮಗು, ದೊಡ್ಡ ಟರ್ಬೈನು ತಿರುಗುವ ಬಗೆಯನ್ನು ಮರೆಯುವುದಿಲ್ಲ. ಹಳೆಯ ಕಾಗದವನ್ನು ನೆನೆಸಿ, ಅರೆದು, ಜರಡಿಯಲ್ಲಿ ಹರಡಿ ಒಣಗಿಸಿದರೆ ಮನೆಯಲ್ಲೇ ಕಾಗದ ತಯಾರಾಗುತ್ತದೆ. ಇದಕ್ಕೆ ಬೇಕಾದದ್ದು ಹೆಚ್ಚು ಹಣವಲ್ಲ, ಮಕ್ಕಳೊಡನೆ ಕುಳಿತು ಕೈ ಕೊಳೆ ಮಾಡಿಕೊಳ್ಳಲು ಸಿದ್ಧರಿರುವ ಹಿರಿಯರು. ಬರುವ ಬೇಸಿಗೆಯಲ್ಲಿ ನಮ್ಮ ಸದಸ್ಯರು ಹತ್ತು ದಿನ ಹೀಗೆ ಮಕ್ಕಳಿಗೆ ಕೊಟ್ಟರೆ, ಅದು ಕಾರಂತರಿಗೆ ಸಲ್ಲಿಸುವ ನಿಜವಾದ ಗೌರವವಾದೀತು.