ಟೆಸ್ಟ್ ಟ್ಯೂಬಿನ ನೀಲಿ ಬಣ್ಣ: ಡಾ. ಯಲ್ಲಾಪ್ರಗಡ ಸುಬ್ಬರಾವ್

ಕಿಡ್ನಿ ತೊಂದರೆ ಇರುವವರ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಜೊತೆಗೆ ಫಾಸ್ಫರಸ್ ಎಂಬ ಒಂದು ಸಾಲೂ ಇರುತ್ತದೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ. ಕಿಡ್ನಿ ಸೋತಾಗ ಫಾಸ್ಫರಸ್ ಹೊರಹೋಗದೆ ರಕ್ತದಲ್ಲೇ ಉಳಿಯುತ್ತದೆ. ಇದು ಹೀಗೇ ಮುಂದುವರಿದರೆ ಮೂಳೆಗಳು ದುರ್ಬಲವಾಗುತ್ತವೆ, ರಕ್ತನಾಳಗಳು ಗಡುಸಾಗುತ್ತವೆ. ಪಥ್ಯ ಎಷ್ಟು ಬಿಗಿ ಮಾಡಬೇಕು, ಮಾತ್ರೆ ಬೇಕೇ ಎಂದು ತೀರ್ಮಾನಿಸುವಾಗ ವೈದ್ಯರು ಈ ಅಂಕಿಯನ್ನು ನೋಡುತ್ತಾರೆ. ರಕ್ತದ ಫಾಸ್ಫರಸ್ ಅಳೆಯಲು ನಂಬಿಕೆಗೆ ಅರ್ಹವಾದ, ಸರಳವಾದ ದಾರಿ ತೋರಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ದೇಶದವರು.

ಭೀಮಾವರಂನಿಂದ ಬಾಸ್ಟನ್‌ಗೆ

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರಪ್ರದೇಶದ ಭೀಮಾವರಂನಲ್ಲಿ. ಮನೆಯಲ್ಲಿ ಬಡತನವಿತ್ತು. ಮೆಟ್ರಿಕ್ ಪಾಸಾಗಲು ಮೂರು ಸಲ ಪರೀಕ್ಷೆಗೆ ಕೂರಬೇಕಾಯಿತು. ಅಣ್ಣ ಪುರುಷೋತ್ತಮ್ ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು. ಆ ಕಾಲದ ವೈದ್ಯರ ಬಳಿ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ.

ಸುಬ್ಬರಾವ್ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಸರ್ಜಿಕಲ್ ಗೌನ್ ತೊಟ್ಟಿದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಕೊನೆಗೆ ಅವರಿಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಕೆಲಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡಿ, 1922ರಲ್ಲಿ ಬಾಸ್ಟನ್‌ಗೆ ಹೊರಟರು. ಅಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಾ, ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರೋಗಿಗಳ ಬೆಡ್‌ಪ್ಯಾನ್ ತೊಳೆಯುವ ರಾತ್ರಿ ಕೆಲಸವನ್ನೂ ಮಾಡಿದರು.

ಬಣ್ಣ ನೋಡಿ ಅಳೆಯುವ ವಿದ್ಯೆ

ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದ ಮುಖ್ಯಸ್ಥರು ಆಗ ಆಟೋ ಫೋಲಿನ್. ಕೆಲವೇ ಹನಿ ರಕ್ತದಲ್ಲಿರುವ ಸಕ್ಕರೆ, ಯೂರಿಯಾ ಮುಂತಾದವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನಗಳಿಗೆ ಅವರು ಹೆಸರಾಗಿದ್ದರು. ವೈದ್ಯ ವಿದ್ಯಾರ್ಥಿಗಳು ಪರೀಕ್ಷೆಗಳನ್ನು ಸ್ವತಃ ಕೈಯಾರೆ ಮಾಡಿ ಕಲಿಯಲೆಂದು ಪ್ರಯೋಗಶಾಲೆಯ ಕೈಪಿಡಿಯನ್ನೂ ಬರೆದಿದ್ದರು. ಇದೇ ವಿಭಾಗದಲ್ಲಿ ಸೈರಸ್ ಫಿಸ್ಕ್ ಜೊತೆ ಸುಬ್ಬರಾವ್ ಕೆಲಸ ಆರಂಭಿಸಿದರು.

1925ರಲ್ಲಿ ಇಬ್ಬರೂ ಪ್ರಕಟಿಸಿದ ವಿಧಾನ ಹೀಗಿದೆ. ರಕ್ತದಿಂದ ಪ್ರೋಟೀನನ್ನು ಬೇರ್ಪಡಿಸಿ, ಸೋಸಿದ ತಿಳಿಗೆ ಆಮ್ಲ ಮತ್ತು ಮಾಲಿಬ್ಡೇಟ್ ಎಂಬ ಲವಣ ಸೇರಿಸಬೇಕು. ಆಮೇಲೆ ಇನ್ನೊಂದು ರಾಸಾಯನಿಕ ಹಾಕಿದರೆ ದ್ರಾವಣ ನೀಲಿಯಾಗುತ್ತದೆ. ಫಾಸ್ಫರಸ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಗೊತ್ತಿರುವ ಪ್ರಮಾಣದ ಫಾಸ್ಫರಸ್ ಇರುವ ಮತ್ತೊಂದು ಟ್ಯೂಬಿನ ಜೊತೆ ಹೋಲಿಸಿದರೆ ಲೆಕ್ಕ ಸಿಗುತ್ತದೆ.

ಮುಂದೆ ನಡೆದದ್ದು ಇನ್ನೂ ದೊಡ್ಡದು. ಸ್ನಾಯುವಿನಿಂದ ತೆಗೆದ ದ್ರಾವಣದಲ್ಲಿ ಇದೇ ಪರೀಕ್ಷೆ ಮಾಡಿದಾಗ ಬಣ್ಣ ಒಮ್ಮೆಗೇ ಪೂರ್ತಿ ಬರಲಿಲ್ಲ. ನಿಮಿಷ ಕಳೆದಂತೆ ನೀಲಿ ಹೆಚ್ಚುತ್ತಾ ಹೋಯಿತು. ಪರೀಕ್ಷೆ ಕೆಟ್ಟಿತೆಂದು ಟ್ಯೂಬನ್ನು ಚೆಲ್ಲಿಬಿಡಬಹುದಿತ್ತು. ಅವರು ಹಾಗೆ ಮಾಡದೆ ಕಾರಣ ಹುಡುಕಿದರು. ಸ್ನಾಯುವಿನಲ್ಲಿದ್ದ ಯಾವುದೋ ವಸ್ತು ನಿಧಾನವಾಗಿ ಒಡೆದು ಫಾಸ್ಫರಸ್ ಬಿಡುತ್ತಿತ್ತು. ಅದೇ ಫಾಸ್ಫೋಕ್ರಿಯಾಟಿನ್, ಸ್ನಾಯುವಿನ ತುರ್ತು ಶಕ್ತಿಯ ಉಗ್ರಾಣ. 1927ರಲ್ಲಿ ಇದು ಪ್ರಕಟವಾಯಿತು. 1929ರಲ್ಲಿ ಸ್ನಾಯುವಿನಿಂದ ಎಟಿಪಿಯನ್ನೂ ಬೇರ್ಪಡಿಸಿದರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು.

ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಅಳೆಯುವ ಪಾಠ ಇಂದಿಗೂ ಇದೆ. ಆಸ್ಪತ್ರೆಯಲ್ಲಿ ಯಂತ್ರವೇ ಈ ಕೆಲಸ ಮಾಡುವಾಗ ಇದೇಕೆ ಎಂದು ಅನ್ನಿಸಬಹುದು. ಅಂಕಿ ಎಲ್ಲೆಲ್ಲಿ ತಪ್ಪಬಹುದು ಎಂಬುದು ಪುಸ್ತಕದಿಂದ ಅರ್ಧ ಗೊತ್ತಾಗುತ್ತದೆ, ಉಳಿದರ್ಧ ಟ್ಯೂಬ್ ಹಿಡಿದಾಗಲೇ ಗೊತ್ತಾಗುವುದು. ಅಂಥ ಪಾಠ ಕಲಿತ ವೈದ್ಯರು ರೋಗಿಯ ಸ್ಥಿತಿಗೂ ರಿಪೋರ್ಟಿಗೂ ತಾಳೆಯಾಗದಿದ್ದಾಗ ಚಿಕಿತ್ಸೆ ಬದಲಿಸುವ ಮುಂಚೆ ಪರೀಕ್ಷೆಯನ್ನೇ ಪ್ರಶ್ನಿಸುತ್ತಾರೆ.

ಔಷಧಿಗಳ ಕಡೆಗೆ

ಹಾರ್ವರ್ಡ್‌ನಲ್ಲಿ ಖಾಯಂ ಹುದ್ದೆ ಸಿಗದ ಸುಬ್ಬರಾವ್ 1940ರಲ್ಲಿ ಲೆಡರ್ಲಿ ಔಷಧ ಕಂಪನಿಯನ್ನು ಸೇರಿದರು. ಅವರ ತಂಡ ಫೋಲಿಕ್ ಆಸಿಡ್ಡನ್ನು 1945ರಲ್ಲಿ ಪ್ರಯೋಗಶಾಲೆಯಲ್ಲೇ ತಯಾರಿಸಿತು. ಅಣ್ಣನನ್ನು ಕೊಂದ ಸ್ಪ್ರೂ ಕಾಯಿಲೆಗೆ ಅದು ಔಷಧಿಯಾಯಿತು. ಇಂದು ಗರ್ಭಿಣಿಯರು ನುಂಗುವ ಮಾತ್ರೆಯಲ್ಲಿರುವುದೂ ಅದೇ. ಆನೆಕಾಲು ರೋಗಕ್ಕೆ ಸರ್ಕಾರ ಹಂಚುವ ಡಿಇಸಿ ಮಾತ್ರೆ, ಮಕ್ಕಳ ರಕ್ತ ಕ್ಯಾನ್ಸರಿಗೆ ಮೊದಲು ಬಳಸಿದ ಅಮಿನಾಪ್ಟೆರಿನ್, ಅದರ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್, ಇವೂ ಆ ಪ್ರಯೋಗಶಾಲೆಯವೇ.

ಫಾರ್ಮಸಿಸ್ಟ್ ಆಗಿ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಸಂಧಿವಾತ ಅಥವಾ ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ. ತಪ್ಪಿ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಯಾವ ವಾರ ಎಂದು ಚೀಟಿಯ ಮೇಲೆ ಬರೆಸಿಕೊಳ್ಳಿ.

ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಪತ್ನಿಯನ್ನು ಊರಲ್ಲಿ ಬಿಟ್ಟು ಹೋದವರು ಮತ್ತೆ ಮರಳಿರಲೇ ಇಲ್ಲ.

ನೀವು ಗಮನಿಸಬೇಕಾದ್ದು

• ಕೆಂಪು ರಕ್ತಕಣಗಳ ಒಳಗೂ ಫಾಸ್ಫರಸ್ ಇದೆ. ಸ್ಯಾಂಪಲ್ ತಡವಾಗಿ ಲ್ಯಾಬ್ ಸೇರಿದರೆ ಅಥವಾ ಕಣಗಳು ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಮತ್ತೊಮ್ಮೆ ರಕ್ತ ಕೊಡಿ ಎಂದು ಲ್ಯಾಬ್‌ನವರು ಕೇಳಿದರೆ ಬೇಸರ ಬೇಡ.
• ದಿನದ ಹೊತ್ತು, ಊಟ ಇವುಗಳಿಂದಲೂ ಅಂಕಿ ಬದಲಾಗುತ್ತದೆ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಹೊತ್ತಿಗೆ, ಒಂದೇ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.
• ಮಕ್ಕಳಲ್ಲಿ ಫಾಸ್ಫರಸ್ ದೊಡ್ಡವರಿಗಿಂತ ಹೆಚ್ಚಿರುವುದು ಸಹಜ. ದೊಡ್ಡವರ ಅಂಕಿಗೆ ಹೋಲಿಸಿ ಗಾಬರಿಯಾಗಬೇಡಿ.
• ಒಂದೇ ರಿಪೋರ್ಟ್ ನೋಡಿ ಮಾತ್ರೆ ನಿಲ್ಲಿಸುವುದು, ಹೆಚ್ಚಿಸುವುದು ಬೇಡ. ಹಳೆಯ ರಿಪೋರ್ಟ್‌ಗಳನ್ನೂ ಒಯ್ದು ವೈದ್ಯರಿಗೆ ತೋರಿಸಿ.