ಅಲೆಕ್ಸಿಸ್ ಸೇಂಟ್ ಮಾರ್ಟಿನ್

ಅಲೆಕ್ಸಿಸ್ ಸೇಂಟ್ ಮಾರ್ಟಿನ್ (೧೮೦೨–೧೮೮೦) ಕೆನಡಾದ ಫ್ರೆಂಚ್ ಭಾಷಿಕ ಕೂಲಿಕಾರ. ಗುಂಡೇಟಿನಿಂದ ಈತನ ಜಠರಕ್ಕೆ ಬಿದ್ದ ರಂಧ್ರ ೫೮ ವರ್ಷ, ಅಂದರೆ ಸಾಯುವವರೆಗೂ, ಮುಚ್ಚಲಿಲ್ಲ. ಜಠರದಿಂದ ಚರ್ಮದವರೆಗೆ ಹೀಗೆ ತೆರೆದುಕೊಂಡೇ ಉಳಿಯುವ ದಾರಿಯನ್ನು ವೈದ್ಯರು ಫಿಸ್ಟುಲಾ ಎನ್ನುತ್ತಾರೆ. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ (೧೭೮೫–೧೮೫೩) ಜೀರ್ಣಕ್ರಿಯೆಯನ್ನು ಕಣ್ಣಾರೆ ಕಂಡದ್ದು ಈ ರಂಧ್ರದ ಮೂಲಕವೇ.

ಗಾಯ

ಮಾರ್ಟಿನ್ ತುಪ್ಪಳ ವ್ಯಾಪಾರದ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ. ೧೮೨೨ರ ಜೂನ್ ೬ರಂದು ಮ್ಯಾಕಿನಾ ದ್ವೀಪದ ಅಂಗಡಿಯಲ್ಲಿ ಆಕಸ್ಮಿಕವಾಗಿ ಸಿಡಿದ ಬಂದೂಕಿನ ಗುಂಡು ತೀರ ಸಮೀಪದಿಂದ ಈತನ ಎಡಪಕ್ಕೆಗೆ ತಗುಲಿತು. ಪಕ್ಕೆಲುಬುಗಳು ಮುರಿದು, ಶ್ವಾಸಕೋಶ ಹರಿದು, ಜಠರ ತೂತಾಯಿತು. ಈತ ಬದುಕುವನೆಂಬ ನಂಬಿಕೆ ಬೋಮಾಂಟನಿಗೂ ಇರಲಿಲ್ಲ. ಮೊದಲ ಎರಡು ವಾರಗಳಿಗೂ ಹೆಚ್ಚು ಕಾಲ ತಿಂದದ್ದೆಲ್ಲ ಗಾಯದಿಂದಲೇ ಹೊರಬರುತ್ತಿತ್ತು.

ಗಾಯ ಮಾಯಿತು, ಆದರೆ ರಂಧ್ರ ಮುಚ್ಚಲಿಲ್ಲ. ಜಠರದ ಅಂಚು ಪಕ್ಕೆಯ ಚರ್ಮಕ್ಕೆ ಅಂಟಿಕೊಂಡಿತ್ತು. ಒಳಗಿನ ಲೋಳೆಪೊರೆಯೂ ಹೊರಗಿನ ಚರ್ಮವೂ ಹೀಗೆ ಸಂಧಿಸಿದರೆ ಪರಸ್ಪರ ಕೂಡಿಕೊಳ್ಳಬೇಕಾದ ಹಸಿ ಅಂಚು ಉಳಿಯುವುದೇ ಇಲ್ಲ. ಒಂದೂವರೆ ವರ್ಷದ ಬಳಿಕ ಲೋಳೆಪೊರೆಯ ಮಡಿಕೆಯೊಂದು ಬೆಳೆದು ಕವಾಟದಂತೆ ರಂಧ್ರವನ್ನು ಮರೆಮಾಡಿತು; ಬೆರಳಿನಿಂದ ಒತ್ತಿದರೆ ಅದು ಸರಿಯುತ್ತಿತ್ತು.

ರಂಧ್ರ ಮುಚ್ಚಲು ತಾನು ಯತ್ನಿಸಿದುದಾಗಿಯೂ ಶಸ್ತ್ರಕ್ರಿಯೆಗೆ ಮಾರ್ಟಿನ್ ಒಪ್ಪಲಿಲ್ಲವೆಂದೂ ಬೋಮಾಂಟ್ ಬರೆದಿದ್ದಾನೆ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಅಂಥ ನಿರಾಕರಣೆ ಸಹಜವೇ. ಆದರೆ ಇದು ವೈದ್ಯನ ಪಕ್ಷದ ಮಾತು; ಮಾರ್ಟಿನನಿಗೆ ಓದುಬರಹ ಬರುತ್ತಿರಲಿಲ್ಲ.

ಪ್ರಯೋಗಗಳು

ಸ್ಥಳೀಯ ಆಡಳಿತ ನಿರ್ಗತಿಕನಾದ ಮಾರ್ಟಿನನ ಪೋಷಣೆಯನ್ನು ಕೈಬಿಟ್ಟಾಗ ಬೋಮಾಂಟ್ ಆತನನ್ನು ತನ್ನ ಮನೆಯಲ್ಲಿರಿಸಿಕೊಂಡ. ೧೮೨೫ರಲ್ಲಿ ಪ್ರಯೋಗಗಳು ಆರಂಭವಾದವು. ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಜಠರಕ್ಕಿಳಿಸಿ, ಗಂಟೆಗೊಮ್ಮೆ ಎಳೆದು ನೋಡಲಾಗುತ್ತಿತ್ತು. ಸೀಸೆಯಲ್ಲಿ ಬೆಚ್ಚಗಿಟ್ಟ ಜಠರರಸವೂ ಮಾಂಸವನ್ನು ಕರಗಿಸಿತು. ಹೀಗಾಗಿ ಜೀರ್ಣಕ್ರಿಯೆ ರಾಸಾಯನಿಕ ಕ್ರಿಯೆಯೆಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುವುದನ್ನೂ ಬೋಮಾಂಟ್ ಗುರುತಿಸಿದ. ಪ್ರಯೋಗಕ್ಕೆ ಒಳಗಾದವನಿಗೆ ಸಿಟ್ಟು ಬರಲು ಕಾರಣಗಳಿಗೇನೂ ಕೊರತೆಯಿರಲಿಲ್ಲ.

ಮಾರ್ಟಿನ್ ಆ ವರ್ಷವೇ ಹೇಳದೆ ಕೆನಡಾಕ್ಕೆ ಹೊರಟುಹೋಗಿ ಮದುವೆಯಾದ. ೧೮೨೯ರಲ್ಲಿ ಸಂಸಾರದೊಂದಿಗೆ ಮರಳಿದ. ೧೮೩೨ರ ಕರಾರಿನಂತೆ ಊಟ, ವಸತಿಗಳ ಜೊತೆ ವರ್ಷಕ್ಕೆ ೧೫೦ ಡಾಲರ್ ಸಂಬಳ ಗೊತ್ತಾಯಿತು. ಬೋಮಾಂಟನ ಗ್ರಂಥ ೧೮೩೩ರಲ್ಲಿ ಪ್ಲಾಟ್ಸ್‌ಬರ್ಗ್‌ನಲ್ಲಿ ಪ್ರಕಟವಾಯಿತು. ಮರುವರ್ಷ ಊರಿಗೆ ಹೋದ ಮಾರ್ಟಿನ್, ವೈದ್ಯ ಎಷ್ಟು ಪತ್ರ ಬರೆಸಿದರೂ ಆತನ ಬಳಿಗೆ ಹಿಂದಿರುಗಲಿಲ್ಲ.

ಮರಣ

ಬೋಮಾಂಟನಿಗಿಂತ ೨೭ ವರ್ಷ ಹೆಚ್ಚು ಬದುಕಿದ ಮಾರ್ಟಿನ್ ೧೮೮೦ರ ಜೂನ್ ೨೪ರಂದು ಕ್ವಿಬೆಕ್ ಪ್ರಾಂತದಲ್ಲಿ ತೀರಿಕೊಂಡ. ಶವಪರೀಕ್ಷೆ ನಡೆಸಲು ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಯತ್ನಿಸಿದರೂ ಕುಟುಂಬದವರು ಒಪ್ಪಲಿಲ್ಲ. ವೈದ್ಯರ ಕೈಗೆ ಸಿಗದಿರಲೆಂದು ಶವವನ್ನು ಕೊಳೆಯಲು ಬಿಟ್ಟು, ಎಂಟು ಅಡಿ ಆಳದಲ್ಲಿ ಹೂಳಿದರು.

ಇಂದಿನ ಚಿಕಿತ್ಸೆ

ನುಂಗಲಾಗದ ರೋಗಿಗಳಿಗೆ ಎಂಡೋಸ್ಕೋಪ್ ನೆರವಿನಿಂದ ಹೊಟ್ಟೆಯ ಮೂಲಕ ಆಹಾರದ ಕೊಳವೆ ಕೂರಿಸುವ ವಿಧಾನದ ಮೊದಲ ವರದಿ ೧೯೮೦ರಲ್ಲಿ, ಮಾರ್ಟಿನ್ ಸತ್ತ ನೂರನೆಯ ವರ್ಷ, ಪ್ರಕಟವಾಯಿತು. ಕೊಳವೆ ತೆಗೆದ ಮೇಲೆ ರಂಧ್ರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಕೊಳವೆ ಬಹುಕಾಲ ಇದ್ದವರಲ್ಲಿ ದಾರಿಯ ಒಳಗೋಡೆಗೆ ಪೊರೆ ಬೆಳೆದು ಮಾರ್ಟಿನನ ಸ್ಥಿತಿಯೇ ಉಂಟಾಗಬಹುದು. ಆಗ ಆಮ್ಲ ತಗ್ಗಿಸುವ ಔಷಧ ಕೊಟ್ಟು ಕಾಯುತ್ತಾರೆ. ಅದು ಫಲಿಸದಿದ್ದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ದಾರಿಯ ಪೊರೆಯನ್ನು ಸುಟ್ಟು ಅಥವಾ ಕೆರೆದು ಹಸಿ ಮಾಡಿ, ಜಠರದ ಅಂಚುಗಳನ್ನು ಲೋಹದ ಕ್ಲಿಪ್ಪಿನಿಂದಲೋ ಹೊಲಿಗೆಯಿಂದಲೋ ಸೇರಿಸುತ್ತಾರೆ. ಇದೂ ವಿಫಲವಾದಾಗ ಶಸ್ತ್ರಕ್ರಿಯೆ ನಡೆಸಲಾಗುತ್ತದೆ.